ಮೂರನೆಯ ಆಯ್ಕೆ

ಜನವರಿ 14

ಅಪ್ಪಾ,

ಸುಖವಾಗಿ ತಲುಪಿದೆ. ಬಂದ ದಿನವೇ ಹಾಸ್ಟೆಲ್ ವಾರ್ಡನ್ ಎಲ್ಲರ ಫೋನ್ ಕಸಿದುಕೊಂಡು ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಜಡಿದರು. ಪರೀಕ್ಷೆಗಳೆಲ್ಲ ಮುಗಿಯುವ ತನಕ ಅವುಗಳ ಮುಖ ನೋಡುವಂತಿಲ್ಲ. ಕಂಪ್ಯೂಟರ್ ಕೋಣೆಯಲ್ಲಿ ಇಂಟರ್ನೆಟ್ಟಿನ ವೈರನ್ನೇ ಕಿತ್ತು ಸುತ್ತಿಟ್ಟಿದ್ದಾರೆ. ಮನೆಗೆ ಏನಾದರೂ ಹೇಳುವುದಿದ್ದರೆ ಕಾಗದ ಬರೆಯಿರಿ, ಅಕ್ಷರವಾದರೂ ದುಂಡಗಾಗಲಿ ಎಂದರು. ಟಪಾಲು ಸೋಮವಾರ ಮಾತ್ರ ಹೋಗುತ್ತದೆ. ಹಾಗಾಗಿ ಈ ವರ್ಷ ನನ್ನ ಇಂಟರ್ನೆಟ್ ನೀನೇ.

ಒಂದು ಕೆಲಸ ಮಾಡಿಕೊಡು. ಮೂರು ಕಡೆ ಕಂಪ್ಯೂಟರ್ ಕಲಿಸುತ್ತಾರೆ, ಮೂರೂ ಬೇರೆ ಬೇರೆ ಕೋರ್ಸು. ನಮ್ಮ ಊರಿನ, ಮೇಲೆ ದೊಡ್ಡ ಗಡಿಯಾರವಿರುವ ಕಾಲೇಜಿನಲ್ಲಿ ಮಾಹಿತಿ ವ್ಯವಸ್ಥೆ. ಬೈಪಾಸ್ ರಸ್ತೆಯ ಗಾಜಿನ ಕಟ್ಟಡದಲ್ಲಿ ಕಂಪ್ಯೂಟರ್ ಎಂಜಿನಿಯರಿಂಗ್. ಇಡೀ ರಾತ್ರಿ ರೈಲಿನಲ್ಲಿ ಕೂತು ಹೋಗಬೇಕಾದ ಆ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನ. ಎಲ್ಲಿ ಯಾವ ವಿಷಯ ಓದಿರಬೇಕು, ಯಾವುದರಲ್ಲಿ ಎಷ್ಟು ಅಂಕ ಬೇಕು, ಮೊದಲ ವರ್ಷ ಏನು ಕಲಿಸುತ್ತಾರೆ, ಇಷ್ಟು ಕೇಳಿ ಬರೆ. ಅಂದಾಜಿಗೆ ಬರೆಯಬೇಡ ಅಪ್ಪಾ. 'ಚೆನ್ನಾಗಿದೆ, ಗಟ್ಟಿಯಾಗಿದೆ' ಎಂದು ಗಿರಾಕಿಗಳಿಗೆ ಹೇಳುವಂತೆ ಹೇಳಬೇಡ.

ಅಮ್ಮನಿಗೆ ಹೇಳು, ಹಾಸಿಗೆ ಪರವಾಗಿಲ್ಲ, ದಿಂಬು ಮಾತ್ರ ಇಟ್ಟಿಗೆ.

ನಿನ್ನ
ಮೊಂಡಿ


ಫೆಬ್ರವರಿ 2

ಮೊಂಡಿ,

ಇಲ್ಲಿ ಎಲ್ಲರೂ ಎದ್ದು ಓಡಾಡಿಕೊಂಡಿದ್ದೇವೆ. ಮೂರೂ ಕಡೆ ಹೋಗಿಬಂದೆ. ಅಂಗಡಿಯನ್ನು ನಿಮ್ಮಮ್ಮನಿಗೆ ಒಪ್ಪಿಸಿದ್ದೆ. ಸೋಫಾ ಹೊಲಿಯುವುದನ್ನು ಬಿಟ್ಟು ಗಲ್ಲಾ ಮುಂದೆ ಕೂತವಳು, ನಾನು ವರ್ಷದಿಂದ ಮಾರಲಾಗದೆ ಇಟ್ಟಿದ್ದ ಕನ್ನಡಿಯನ್ನು ಮಾರಿಬಿಟ್ಟಿದ್ದಾಳೆ. ಅಂದಿನಿಂದ ಮನೆಯಲ್ಲಿ ನನ್ನ ಬೆಲೆ ಇಳಿದಿದೆ.

ಗಡಿಯಾರದ ಕಾಲೇಜು ಗೊತ್ತೇ ಇದೆಯಲ್ಲ, ನಮ್ಮ ಸ್ಟಾಪಿನಿಂದ ಒಂದೇ ಬಸ್ಸು. ವಾಣಿಜ್ಯದಲ್ಲಿ ಅರವತ್ತು ಬಂದಿರಬೇಕು, ಉಳಿದದ್ದರಲ್ಲಿ ಪಾಸಾದರೆ ಸಾಕು. ಕಂಪನಿಗಳ ಸಂಬಳ, ಗೋದಾಮು, ಬಿಲ್ಲು ಇವನ್ನೆಲ್ಲ ಕಂಪ್ಯೂಟರಿನಲ್ಲಿ ನಡೆಸುವುದನ್ನು ಕಲಿಸುತ್ತಾರಂತೆ. ಕುರ್ಚಿಗಳು ಮಾತ್ರ ಅನ್ಯಾಯ. ಚಕ್ರ ಇರುವಲ್ಲಿ ಕೈ ಇಲ್ಲ, ಕೈ ಇರುವಲ್ಲಿ ಚಕ್ರ ಇಲ್ಲ.

ಗಾಜಿನ ಕಟ್ಟಡದವರಿಗೆ ಭೌತಶಾಸ್ತ್ರ ಬೇಕೇ ಬೇಕು. ನನ್ನ ಮಗಳು ಅದರ ಬದಲು ಸಂಖ್ಯಾಶಾಸ್ತ್ರ ತೆಗೆದುಕೊಂಡಿದ್ದಾಳೆ ಎಂದೆ. ಅಲ್ಲಿದ್ದವನು 'ನೋಡೋಣ ಸರ್, ಫಾರಂ ಹಾಕಿ' ಎಂದ. ನೋಡೋಣ ಎನ್ನುವವರನ್ನು ನಾನು ದಿನಾ ನೋಡುತ್ತೇನೆ, ಅವರು ಯಾವತ್ತೂ ಕೊಳ್ಳುವುದಿಲ್ಲ.

ದೂರದ್ದಕ್ಕೆ ರೈಲು ಹತ್ತಿ ಹೋದೆ. ಗಣಿತದಲ್ಲಿ ಎಂಬತ್ತೈದು. ಅದೊಂದೇ ಷರತ್ತು, ಉಳಿದ ವಿಷಯ ಪಾಸಾಗಿದ್ದರೆ ಮುಗಿಯಿತು. ಆದರೆ ಎಂಬತ್ತನಾಲ್ಕೂವರೆ ಬಂದರೂ ಬಾಗಿಲಾಚೆಯೇ ಎಂದು ಕೇಳಿ ಖಚಿತ ಮಾಡಿಕೊಂಡೆ. ಬೆಂಚುಗಳು ಭಾರಿ ಮರ ಕಣೇ. ತಲೆಮಾರುಗಳು ಕೂತು ಎದ್ದಿವೆ, ಒಂದು ಕೀಲೂ ಅಲ್ಲಾಡುವುದಿಲ್ಲ. ಆದರೆ ಒಂದು ವಿಷಯ ನನಗೆ ಸರಿಬರಲಿಲ್ಲ. ಗೋಡೆಯಿಂದ ಗೋಡೆಗೆ ಕಪ್ಪುಹಲಗೆ, ಅದರ ತುಂಬ ಲೆಕ್ಕ. ಕಂಪ್ಯೂಟರ್ ಕಲಿಸುವ ಜಾಗದಲ್ಲಿ ಕಂಪ್ಯೂಟರುಗಳೇ ಕಡಿಮೆ. ಮೊದಲ ವರ್ಷ ಬರೀ ಗಣಿತವಂತೆ. ಮೋಸ ಇರಬಹುದೇ?

ದಿಂಬು ನಿಮ್ಮಮ್ಮ ಹೊಲಿಯುತ್ತಿದ್ದಾಳೆ.

ಅಪ್ಪ


ಫೆಬ್ರವರಿ 11

ಅಪ್ಪಾ,

ಮೋಸ ಅಲ್ಲ! ಅದೇ ಬೇಕು ನನಗೆ. ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಕಪ್ಪುಹಲಗೆಯ ಮಾತಂತೂ ಬಾಯಿಪಾಠವಾಗಿದೆ.

ಹೋದ ವರ್ಷ ಶಾಲೆಯ ವೇಳಾಪಟ್ಟಿ ಹಾಕಲು ಒಂದು ಪ್ರೋಗ್ರಾಂ ಬರೆದಿದ್ದೆನಲ್ಲ, ನಿನಗೆ ನೆನಪಿರಬಹುದು. ಐದು ತರಗತಿಗೆ ಕಣ್ಣು ಮಿಟುಕಿಸುವುದರಲ್ಲಿ ಉತ್ತರ ಕೊಟ್ಟಿತು. ಹತ್ತಕ್ಕೆ ಹಾಕಿದೆ, ಊಟ ಮುಗಿಸಿ ಬಂದರೂ ಓಡುತ್ತಲೇ ಇತ್ತು. ಗಣಿತದ ಮೇಡಂ ನೋಡಿ, ಇಪ್ಪತ್ತಕ್ಕೆ ಹಾಕಿದರೆ ನೀನು ಮುದುಕಿಯಾದರೂ ಮುಗಿಯುವುದಿಲ್ಲ ಎಂದರು. ಹೆಚ್ಚು ಬೆಲೆಯ ಕಂಪ್ಯೂಟರ್ ತಂದರೆ ಎಂದೆ. ಆಗಲೂ ಮುಗಿಯುವುದಿಲ್ಲ ಎಂದರು. ಯಾಕೆ ಎನ್ನುವುದು ಆ ಕಪ್ಪುಹಲಗೆಯ ಮೇಲಿದೆ ಅಪ್ಪಾ. ಗಡಿಯಾರದ ಕಾಲೇಜಿನಲ್ಲಿ ಸಂಬಳದ ಬಿಲ್ಲು ಮಾಡುವುದನ್ನು ಹೇಳಿಕೊಡುತ್ತಾರೆ, 'ಯಾಕೆ' ಹೇಳಿಕೊಡುವುದಿಲ್ಲ. ನನಗೆ ದೂರದ್ದೇ ಬೇಕು.

ಆದರೆ ಎಂಬತ್ತೈದು! ಮೊನ್ನೆಯ ಮಾದರಿ ಪರೀಕ್ಷೆಯಲ್ಲಿ ಎಪ್ಪತ್ತೆಂಟು. ಕೈಗೆ ಬರುವ ತನಕ ಇದನ್ನು ಯಾರಿಗೂ ಹೇಳಬೇಡ. ಅತ್ತೆಯ ಕಿವಿಗೆ ಬಿದ್ದರಂತೂ ಊರಿಗೆಲ್ಲ ಡಂಗುರ. ಆಮೇಲೆ ಸಿಗದಿದ್ದರೆ ನಾನು ತಲೆ ಎತ್ತಿ ಓಡಾಡುವುದು ಹೇಗೆ?

ಪೋಷಕರೇ ಫಾರಂ ತುಂಬಬೇಕಂತೆ, ಒಟಿಪಿ ನಿನ್ನ ಫೋನಿಗೇ ಬರುತ್ತದೆ. ಮೂರನ್ನೂ ಹಾಕಿಬಿಡು.

ಮೊಂಡಿ


ಮಾರ್ಚ್ 2

ಮೊಂಡಿ,

ಫಾರಂ ಆಯಿತು. ಇನ್ನು ನೀನು ತಲೆ ಕೆಡಿಸಿಕೊಳ್ಳದೆ ಓದು.

ಫಾರಂ ತುಂಬುವ ಕಚೇರಿಯಲ್ಲಿ ಒಬ್ಬ ಹೆಣ್ಣುಮಗಳು ಕೂತಿದ್ದಳು, ಕನ್ನಡಕದವಳು. ನಿನಗಿಂತ ಹತ್ತು ವರ್ಷ ದೊಡ್ಡವಳಿರಬಹುದು. ಆಯ್ಕೆಗಳನ್ನು ಒಂದು, ಎರಡು, ಮೂರು ಎಂದು ಕ್ರಮದಲ್ಲಿ ಹೇಳಿ ಎಂದಳು. ನಾನು ಒಂದು ಗಳಿಗೆ ಯೋಚಿಸಿದೆ. ನಿಮ್ಮಪ್ಪ ಇಷ್ಟು ವರ್ಷ ಸುಮ್ಮನೆ ಹಳೆ ಸಾಮಾನಿನ ವ್ಯಾಪಾರ ಮಾಡಿಲ್ಲ.

ಯಾರಾದರೂ ಮನೆ ಖಾಲಿ ಮಾಡುತ್ತಿದ್ದರೆ ನಾನು ಹೋಗಿ ಹೇಗೆ ಕೊಳ್ಳುತ್ತೇನೆ, ನೀನು ಚಿಕ್ಕವಳಿದ್ದಾಗ ಜೊತೆಗೆ ಬಂದು ನೋಡಿದ್ದೀಯ. ಕಣ್ಣು ಬಿದ್ದಿರುವುದು ಒಳ್ಳೆ ಮರದ ಬೀರುವಿನ ಮೇಲೆ. ಆದರೆ ಅದರ ಕಡೆ ತಿರುಗಿಯೂ ನೋಡಬಾರದು. ಮೊದಲು ಮುರುಕು ಕುರ್ಚಿಗಳನ್ನು ಕೇಳಬೇಕು, ಆಮೇಲೆ ಮಂಚ. ಎಲ್ಲ ಮಾತಾಗಿ ಬಾಗಿಲು ದಾಟುವಾಗ, 'ಆ ಬೀರು ಜಾಗ ತಿಂತಿದೆ, ಬೇಕಾದ್ರೆ ಒಯ್ಯುತ್ತೀನಿ' ಎನ್ನಬೇಕು. ಬೇಕು ಎಂದು ತೋರಿಸಿಕೊಂಡೆವೋ, ಅಲ್ಲಿಗೆ ನಮ್ಮ ಜುಟ್ಟು ಅವರ ಕೈಯಲ್ಲಿ. ನೀನೇ ಬರೆದಿದ್ದೆಯಲ್ಲ, ಯಾರಿಗೂ ಹೇಳಬೇಡ ಎಂದು.

ಹಾಗಾಗಿ ಮೊದಲನೆಯದು ಗಡಿಯಾರದ ಕಾಲೇಜು, ಎರಡನೆಯದು ಗಾಜಿನ ಕಟ್ಟಡ, ನಿನ್ನದು ಕೊನೆಗೆ ಮೂರನೆಯದು, ಏನೋ ಮರೆತಿದ್ದು ನೆನಪಾಯಿತು ಎಂಬಂತೆ ಹೇಳಿದೆ. ಆ ಕನ್ನಡಕದವಳಿಗೆ ಸುಳಿವೂ ಸಿಗಲಿಲ್ಲ. 'ಇದೇ ಕ್ರಮನಾ?' ಎಂದು ಎರಡು ಸಲ ಕೇಳಿದಳು. ನಾನು ಮುಖದ ಒಂದು ಗೆರೆಯೂ ಅಲ್ಲಾಡದಂತೆ ಹೌದೆಂದೆ.

ತಿದ್ದುಪಡಿಗೆ ಹತ್ತನೇ ತಾರೀಕಿನ ತನಕ ಅವಕಾಶವಂತೆ. ನಮಗೆ ಅದರ ಅಗತ್ಯ ಬೀಳಲಾರದು.

ಅಪ್ಪ


ಮಾರ್ಚ್ 7

ಅಪ್ಪಾ,

ಈ ಕಾಗದ ಕೈಗೆ ಸಿಕ್ಕ ತಕ್ಷಣ, ನಿಂತ ಕಾಲಲ್ಲೇ ಆ ಕಚೇರಿಗೆ ಓಡು. ಕ್ರಮ ತಿರುಗಿಸು. ದೂರದ್ದು ಮೊದಲು. ಮೊದಲು!

ಅಲ್ಲಿ ಚೌಕಾಸಿ ಮಾಡುವವರು ಯಾರೂ ಇಲ್ಲ ಅಪ್ಪಾ. ನಮ್ಮ ಆಸೆ ನೋಡಿ ಬೆಲೆ ಏರಿಸುವವರು ಇಲ್ಲ. ಅದೊಂದು ಪ್ರೋಗ್ರಾಂ. ಪಟ್ಟಿಯ ಮೇಲಿನಿಂದ ಶುರುಮಾಡುತ್ತದೆ. ಮೊದಲನೆಯದಕ್ಕೆ ನನ್ನ ಅಂಕ ಸಾಕೇ ಎಂದು ನೋಡುತ್ತದೆ. ಸಾಕಾದರೆ ಅಲ್ಲಿಗೆ ನಿಲ್ಲಿಸಿ ಆ ಸೀಟು ಕೊಟ್ಟುಬಿಡುತ್ತದೆ, ಕೆಳಗಿನದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ನನಗೆ ಗಣಿತದಲ್ಲಿ ನೂರಕ್ಕೆ ನೂರು ಬಂದರೂ ಈಗ ಸಿಗುವುದು ಗಡಿಯಾರದ ಕಾಲೇಜೇ. ದೂರದ್ದನ್ನು ಮೊದಲು ಬರೆದಿದ್ದರೆ ಅದು ತಪ್ಪಿದರೂ ಗಡಿಯಾರದ್ದು ಕೈಯಲ್ಲಿರುತ್ತಿತ್ತು. ಯಾರೂ ಮುನಿಸಿಕೊಳ್ಳುತ್ತಿರಲಿಲ್ಲ.

ವಾರ್ಡನ್ ಹತ್ತಿರ ಫೋನ್ ಕೇಳಿದೆ. 'ಯಾರಾದ್ರೂ ಹೋಗಿಬಿಟ್ರಾ?' ಎಂದರು. ಇಲ್ಲ ಎಂದೆ. ಹೌದು ಎನ್ನಬೇಕಿತ್ತು ಎಂದು ಈಗ ಅನ್ನಿಸುತ್ತಿದೆ, ನೋಡು ನನ್ನ ಗತಿ. ಟಪಾಲು ಸೋಮವಾರವೇ ಹೋಗುವುದು. ಸೋಮವಾರ ಒಂಬತ್ತನೇ ತಾರೀಕು. ಲೆಕ್ಕ ಹಾಕಿದರೆ ನಿನಗೆ ಉಳಿಯುವುದು ಒಂದೇ ದಿನ.

ಇನ್ನೊಂದು ಕೇಳುತ್ತೇನೆ, ಸಿಟ್ಟಾಗಬೇಡ. ಸಿಟ್ಟಾದರೂ ಆಗು. ಇದು ನಿಜವಾಗಿಯೂ ವ್ಯಾಪಾರದ ಬುದ್ಧಿಯೋ, ಇಲ್ಲ ನಾನು ಹೋಗುವುದೇ ನಿನಗೆ ಬೇಡವೋ?

ಮೊಂಡಿ


ಮಾರ್ಚ್ 15

ಮೊಂಡಿ,

ನಿನ್ನ ಕಾಗದ ಬಂದದ್ದು ಹನ್ನೆರಡಕ್ಕೆ.

ಆದರೂ ಓಡಿದೆ. ಕಾಲಿಗೆ ಅಂಗಡಿಯ ಹಳೇ ಚಪ್ಪಲಿಯೇ ಇತ್ತು. ಕನ್ನಡಕದವಳ ಮುಂದೆ ನಿಂತು ಹೇಳಿದೆ, ತಪ್ಪಾಗಿದೆ ತಾಯಿ, ಮೇಲಿನದು ಕೆಳಗೆ, ಕೆಳಗಿನದು ಮೇಲೆ ಮಾಡಿಕೊಡು ಎಂದು. ಪಾಪ, ಅವಳಿಗೂ ಬೇಜಾರಾಯಿತು. ಹತ್ತನೇ ತಾರೀಕು ದಾಟಿದ ಮೇಲೆ ಕ್ರಮ ಬದಲಾಗುವುದಿಲ್ಲ ಎಂದಳು. ಯಾರ ಕೈಯಲ್ಲಿದೆ ಹೇಳು, ನಾನು ಅವರ ಹತ್ತಿರ ಮಾತಾಡುತ್ತೇನೆ ಎಂದೆ. ಯಾರ ಕೈಯಲ್ಲೂ ಇಲ್ಲ ಎಂದಳು. ನಾನು ಎಂಥೆಂಥ ಜಿಪುಣರ ಹತ್ತಿರ ಮಾತಾಡಿ ಗೆದ್ದಿದ್ದೇನೆ. ಇಲ್ಲದವನ ಹತ್ತಿರ ಏನಂತ ಮಾತಾಡಲಿ? ಬೆಪ್ಪನಂತೆ ನಿಂತು ವಾಪಸು ಬಂದೆ.

ನಿನ್ನ ಕೊನೆಯ ಪ್ರಶ್ನೆಗೆ ಉತ್ತರ ಬರೆಯಲು ಮೂರು ಸಲ ಕೂತೆ. ಅದು ವ್ಯಾಪಾರದ ಬುದ್ಧಿಯೇ. ಆ ಹೊತ್ತಿನಲ್ಲಿ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ ಎಂದು ಬರೆಯಬೇಕೆಂದಿದ್ದೆ. ಬರೆಯಲು ಕೈ ಬರುತ್ತಿಲ್ಲ. ಇರಲಿಲ್ಲವೋ, ಇತ್ತೋ, ನನಗೇ ಗೊತ್ತಾಗುತ್ತಿಲ್ಲ. ನಿಮ್ಮಮ್ಮನನ್ನು ಕೇಳಿದೆ. 'ಅದನ್ನ ನನ್ನ ಕೇಳಬೇಡಿ' ಎಂದು ಎದ್ದುಹೋದಳು.

ಗಡಿಯಾರದ ಕಾಲೇಜೂ ಕೆಟ್ಟದ್ದೇನಲ್ಲ ಎನ್ನಲು ಬಾಯಿ ತೆರೆದೆ. ಈಗ ಅದನ್ನು ನಾನು ಹೇಳಬಾರದು.

ಅಪ್ಪ


ಮಾರ್ಚ್ 21

ಅಪ್ಪಾ,

ಅತ್ತು ಮುಗಿಸಿದೆ. ಈಗ ಕೇಳು.

ನಿನ್ನ ಫೆಬ್ರವರಿ ಕಾಗದವನ್ನು ಮುಂದಿಟ್ಟುಕೊಂಡು ಮೂರರ ಷರತ್ತುಗಳನ್ನೂ ಅಕ್ಕಪಕ್ಕ ಬರೆದೆ. ಒಂದು ಸಂದು ಸಿಕ್ಕಿದೆ. ಗಡಿಯಾರದವರಿಗೆ ವಾಣಿಜ್ಯದಲ್ಲಿ ಅರವತ್ತು ಬೇಕು. ದೂರದವರಿಗೆ ವಾಣಿಜ್ಯದಲ್ಲಿ ಪಾಸಾಗಿದ್ದರೆ ಸಾಕು. ನನಗೆ ವಾಣಿಜ್ಯದಲ್ಲಿ ಐವತ್ತು ಬಂದರೆ? ಪ್ರೋಗ್ರಾಂ ಮೊದಲನೆಯದನ್ನು ನೋಡುತ್ತದೆ, ಅಂಕ ಸಾಲದು ಎಂದು ಕೆಳಗಿಳಿಯುತ್ತದೆ. ಎರಡನೆಯದಕ್ಕೆ ಭೌತಶಾಸ್ತ್ರವಿಲ್ಲ, ಮತ್ತೆ ಕೆಳಗಿಳಿಯುತ್ತದೆ. ಮೂರನೆಯದಕ್ಕೆ ಬಂದು ನಿಲ್ಲುತ್ತದೆ.

ಏಪ್ರಿಲ್ ಆರಕ್ಕೆ ವಾಣಿಜ್ಯ. ಕೊನೆಯ ಭಾಗದ ಉತ್ತರಗಳನ್ನು ಬರೆಯದೆ ಬಿಟ್ಟು ಬರುತ್ತೇನೆ. ತೀರಾ ಬಿಟ್ಟರೆ ಫೇಲಾಗುತ್ತೇನೆ, ಆಗ ಎಲ್ಲವೂ ಹೋಯಿತು. ಅದಕ್ಕೇ ಎಷ್ಟು ಬಿಡಬೇಕೆಂದು ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದೇನೆ. ಕಡಿಮೆ ಅಂಕ ತೆಗೆಯಲು ಅಭ್ಯಾಸ ಮಾಡುತ್ತಿರುವವಳು ಈ ಹಾಸ್ಟೆಲಿನಲ್ಲಿ ನಾನೊಬ್ಬಳೇ ಇರಬೇಕು. ನಗು ಬರುತ್ತದೆ, ಆಮೇಲೆ ಹೆದರಿಕೆಯಾಗುತ್ತದೆ.

ಹತ್ತಕ್ಕೆ ಗಣಿತ. ಅದರಲ್ಲಿ ಎಂಬತ್ತೈದು ಬರದಿದ್ದರೆ ಅದೂ ಇಲ್ಲ, ಇದೂ ಇಲ್ಲ. ಗೊತ್ತು. ಬೇಡ ಎನ್ನಬೇಡ.

ಮೊಂಡಿ


ಮಾರ್ಚ್ 28

ಮಗಳೇ,

ಇದು ಅಮ್ಮ. ಸೂಜಿ ಹಿಡಿಯುವ ಕೈಗೆ ಪೆನ್ನು ಒಗ್ಗುವುದಿಲ್ಲ, ಸಾಲು ಸೊಟ್ಟಗಾದರೆ ಸಹಿಸಿಕೋ.

ನಿನ್ನ ಕಾಗದವನ್ನು ನಿಮ್ಮಪ್ಪ ಅಂಗಡಿಯಲ್ಲಿ ನನಗೆ ಓದಿ ಹೇಳಿದರು. ಅರ್ಧದಲ್ಲಿ ನನ್ನ ಕೈಗಿಟ್ಟು ಆಚೆ ಹೋದರು, ಉಳಿದದ್ದನ್ನು ನಾನೇ ಓದಿಕೊಂಡೆ. ಅಂದಿನಿಂದ ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದಾರೆ. ಊಟಕ್ಕೆ ಕೂತರೆ ತಟ್ಟೆಯನ್ನು ನೋಡುತ್ತಾರೆ, ಉಣ್ಣುವುದಿಲ್ಲ. ನಿನ್ನೆ ಯಾರೋ ಒಂದು ಮೇಜು ಕೇಳಲು ಬಂದರೆ, 'ಕೊಡಲ್ಲ, ಹೋಗಿ' ಎಂದುಬಿಟ್ಟರು. ಮೇಜು ಇರುವುದೇ ಕೊಡುವುದಕ್ಕೆ.

ನಿನಗೆ ಒಂದು ಮಾತು. ಬರುವ ಉತ್ತರವನ್ನು ಬರುವುದಿಲ್ಲ ಎಂದು ಬಿಟ್ಟು ಬರುವುದು ನನಗೆ ಸ್ವಲ್ಪವೂ ಹಿಡಿಸಿಲ್ಲ. ನೀನು ಅಷ್ಟು ದೂರ ಹೋಗಬೇಕೆನ್ನುವುದು ಕಲಿಯುವುದಕ್ಕೆ. ಅದಕ್ಕೆ ದಾರಿ ಹೀಗೆ ಇರಬಾರದು. ಆದರೆ ಬೇರೆ ದಾರಿ ನನಗೂ ಗೊತ್ತಿಲ್ಲ.

ನೀನು ನಿಮ್ಮಪ್ಪನನ್ನು ಕೇಳಿದ ಪ್ರಶ್ನೆಗೆ ಉತ್ತರ ನನಗೆ ಗೊತ್ತು. ಫಾರಂ ಹಾಕಿ ಬಂದ ದಿನ ಅವರು ಬಸ್ ಸ್ಟಾಪಿನಿಂದ ಮನೆ ತನಕ ಹಾಡು ಗುನುಗಿಕೊಂಡು ಬಂದರು. ಇಷ್ಟು ವರ್ಷದಲ್ಲಿ ಅವರ ಬಾಯಲ್ಲಿ ಹಾಡು ಕೇಳಿದ್ದು ಕಡಿಮೆ. ಇದಕ್ಕಿಂತ ಹೆಚ್ಚು ನಾನು ಹೇಳುವುದಿಲ್ಲ, ಹೇಳಬೇಕಾದವರು ಅವರು. ಬೈಯಬೇಡ ಅವರನ್ನು. ಬೈಯಬೇಕಾದ್ದನ್ನೆಲ್ಲ ನಾನು ಬೈದಾಗಿದೆ.

ದಿಂಬು ಕಳಿಸಿದ್ದೇನೆ. ತಲೆಗೆ ಎಣ್ಣೆ ಹಚ್ಚಿಕೋ.

ಅಮ್ಮ


ಏಪ್ರಿಲ್ 2

ಮೊಂಡಿ,

ವಾಣಿಜ್ಯದ ಪೇಪರನ್ನು ಪೂರ್ತಿ ಬರೆ. ಒಂದು ಪ್ರಶ್ನೆಯನ್ನೂ ಬಿಡಬೇಡ.

ನಮ್ಮ ವ್ಯಾಪಾರದಲ್ಲಿ ಕೆಲವರಿದ್ದಾರೆ. ಕೊಳ್ಳಲು ಬಂದವರು ಮಾಲೀಕ ಆಚೆ ತಿರುಗಿದಾಗ ಮೇಜಿನ ಮೇಲೆ ಉಗುರಿನಿಂದ ಗೀರು ಹಾಕುತ್ತಾರೆ, ಬೆಲೆ ಇಳಿಯಲಿ ಎಂದು. ಅಂಥವರನ್ನು ನಾನು ಅಂಗಡಿಯೊಳಗೆ ಸೇರಿಸುವುದಿಲ್ಲ. ನಿನ್ನ ಕಾಗದ ಓದಿದಾಗ ಆ ಗೀರು ನಿನ್ನ ಮೇಲೆ ಬಿದ್ದಂತೆ ಕಂಡಿತು. ಹಾಕುತ್ತಿರುವವಳು ನೀನು, ಹಾಕಿಸುತ್ತಿರುವವನು ನಾನು. ನನ್ನಿಂದ ತಡೆಯಲಾಗಲಿಲ್ಲ.

ನಿನ್ನೆ ಮತ್ತೆ ಕನ್ನಡಕದವಳ ಹತ್ತಿರ ಹೋದೆ. ಈ ಸಲ ಅದು ಮಾಡಿಕೊಡು, ಇದು ಮಾಡಿಕೊಡು ಎನ್ನಲಿಲ್ಲ. ಏನು ಮಾಡಬಹುದು, ಅದನ್ನೇ ಹೇಳು ಎಂದೆ. ಹೊಸದು ಸೇರಿಸುವಂತಿಲ್ಲ, ಹಿಂದೆ ಮುಂದೆ ಮಾಡುವಂತಿಲ್ಲ. ಆದರೆ ಫಲಿತಾಂಶ ಬರುವ ತನಕ ಯಾವುದನ್ನಾದರೂ ಬೇಡ ಎಂದು ತೆಗೆಸಬಹುದಂತೆ. ಪೋಷಕರೇ ಬಂದು ಬಾಯಿಬಿಟ್ಟು ಹೇಳಬೇಕಂತೆ. ಮೊದಲೇ ಯಾಕೆ ಹೇಳಲಿಲ್ಲ ತಾಯಿ ಎಂದೆ. ಸಿಗುವ ಸೀಟನ್ನು ತೆಗೆಸುತ್ತೇನೆ ಎಂದು ಇದುವರೆಗೆ ಯಾರೂ ಬಂದಿಲ್ಲ, ಅದಕ್ಕೇ ತೋಚಲಿಲ್ಲ ಎಂದಳು.

ಗಡಿಯಾರದ ಕಾಲೇಜು ತೆಗೆದುಬಿಡು ಎಂದೆ. ಗಾಜಿನದನ್ನೂ ತೆಗೆದುಬಿಡು.

ಅವಳು ಕನ್ನಡಕ ತೆಗೆದು ನನ್ನನ್ನು ನೋಡಿದಳು. 'ಉಳಿಯೋದು ಒಂದೇ ಸರ್. ಅದೂ ತಪ್ಪಿದ್ರೆ ಈ ವರ್ಷ ನಿಮ್ಮ ಮಗಳಿಗೆ ಏನೂ ಇಲ್ಲ. ಮನೇಲಿ ಕೇಳ್ಕೊಂಡು ಬರ್ತೀರಾ?' ಎಂದಳು. ಹಿಂದೆ ಸಾಲಿನಲ್ಲಿ ಇಷ್ಟುದ್ದ ಜನ. ಎಲ್ಲರೂ ಕಿವಿ ನೆಟ್ಟಗೆ ಮಾಡಿಕೊಂಡಿದ್ದರು.

'ಅವಳಿಗೆ ಅದೇ ಬೇಕು' ಎಂದೆ. 'ಬೇರೆ ಯಾವುದೂ ಬೇಡ.' ಅಷ್ಟು ಜನರ ಎದುರಿಗೆ, ಅಷ್ಟು ಗಟ್ಟಿಯಾಗಿ, ಬೇಕು ಎನ್ನುವ ಮಾತನ್ನು ನಾನು ಹಿಂದೆಂದೂ ಆಡಿಲ್ಲ. ಕಿವಿ ಬಿಸಿಯಾಗಿ ಹೋಯಿತು.

ನಿನ್ನನ್ನು ಕೇಳದೆ ಮಾಡಿದೆ. ಕೇಳಿ ಉತ್ತರ ತರಿಸುವಷ್ಟರಲ್ಲಿ ಆರನೇ ತಾರೀಕು ಕಳೆದಿರುತ್ತಿತ್ತು. ಹಾಸ್ಟೆಲಿಗೆ ಫೋನ್ ಮಾಡಿದರೆ, ಪರೀಕ್ಷೆ ಮುಗಿಯುವ ತನಕ ಏನಿದ್ದರೂ ಕಾಗದದಲ್ಲೇ ಎಂದು ವಾರ್ಡನ್ ಇಟ್ಟುಬಿಟ್ಟರು. ನಿಮ್ಮಮ್ಮ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಒಂದೇ ಬಾಗಿಲಿಟ್ಟು ಉಳಿದದ್ದಕ್ಕೆ ಗೋಡೆ ಕಟ್ಟಿದಿರಿ ಎನ್ನುತ್ತಾಳೆ. ಸರಿಯೋ ತಪ್ಪೋ, ಅದನ್ನು ನಾನೇ ಹೊರುತ್ತೇನೆ. ನೀನು ಗಣಿತ ಬರೆ.

ಅಪ್ಪ


ಏಪ್ರಿಲ್ 6

ಅಪ್ಪಾ,

ವಾಣಿಜ್ಯ ಮುಗಿಯಿತು. ನನ್ನಿಂದ ಆಗಲಿಲ್ಲ.

ಕೊನೆಯ ಭಾಗ ಬಿಡಬೇಕೆಂದು ಪೆನ್ನು ಮುಚ್ಚಿಟ್ಟೆ. ಇನ್ನೂ ತುಂಬ ಹೊತ್ತು ಉಳಿದಿತ್ತು. ಮೇಲ್ವಿಚಾರಕರು ಎರಡು ಸಲ ನನ್ನ ಬೆಂಚಿನ ಪಕ್ಕ ಬಂದು ನಿಂತರು. ಎಲ್ಲ ಗೊತ್ತಿರುವ ಪ್ರಶ್ನೆಗಳು. ಮೊದಲನೆಯದನ್ನು ಒಂದು ಸಾಲು ಬರೆಯೋಣ ಎಂದು ಪೆನ್ನು ತೆಗೆದೆ. ಆಮೇಲೆ ಕೈ ನನ್ನ ಮಾತು ಕೇಳಲಿಲ್ಲ. ಎಲ್ಲವನ್ನೂ ಬರೆದುಬಿಟ್ಟೆ. ಎಂಬತ್ತಕ್ಕೆ ಕಡಿಮೆ ಬರುವುದಿಲ್ಲ.

ಹೊರಗೆ ಬಂದು ನಲ್ಲಿಯ ಹತ್ತಿರ ಕೂತು ಅತ್ತೆ. ಆಮೇಲೆ, ಸುಳ್ಳು ಹೇಳುವುದಿಲ್ಲ, ಎದೆಯ ಮೇಲಿನ ಭಾರ ಇಳಿದಂತಾಯಿತು. ಇನ್ನು ಹೆದರಬೇಕಾದ್ದು ಏನೂ ಇಲ್ಲ. ಗಡಿಯಾರದ ಕಾಲೇಜು ಖಚಿತ. ಮನೆಯಿಂದಲೇ ಹೋಗಿ ಬರುತ್ತೇನೆ. ನೀನು ಕೊರಗಬೇಡ. ಕಪ್ಪುಹಲಗೆ ಎಲ್ಲಿದ್ದರೂ ಪುಸ್ತಕಗಳಾದರೂ ಸಿಗುತ್ತವಲ್ಲ. ಹತ್ತನೇ ತಾರೀಕಿನ ಗಣಿತಕ್ಕೆ ಈಗ ಅಷ್ಟು ಬೆಲೆಯಿಲ್ಲ, ನಿದ್ದೆಯಾದರೂ ಮಾಡುತ್ತೇನೆ.

ಮೊಂಡಿ


ಏಪ್ರಿಲ್ 9

ಅಪ್ಪಾ,

ನಿನ್ನ ಎರಡನೇ ತಾರೀಕಿನ ಕಾಗದ ಈಗ ಕೈಗೆ ಬಂತು.

ಮೊದಲ ಸಲ ಓದಿದಾಗ ಅರ್ಥವಾಗಲಿಲ್ಲ. ಎರಡನೇ ಸಲ ಓದಿದಾಗ ಜೀವ ಬಾಯಿಗೆ ಬಂತು. ಮೂರು ದಿನ ನಾನು ಗಣಿತದ ಪುಸ್ತಕ ಮುಟ್ಟಿಲ್ಲ ಅಪ್ಪಾ. ಖಚಿತವಾದ ಸೀಟು ಇದೆಯೆಂದು ಹಾಯಾಗಿ ನಿದ್ದೆ ಮಾಡುತ್ತಿದ್ದೆ, ಅದು ಒಂದನೇ ತಾರೀಕಿನಿಂದಲೇ ಇರಲಿಲ್ಲ. ನಿನ್ನ ಮೇಲೆ ಸಿಟ್ಟು ಬರುತ್ತಿದೆ. ಹೇಳದೆ ಕೇಳದೆ ಯಾಕೆ ತೆಗೆಸಿದೆ ಎಂದು ಕಿರುಚಬೇಕೆನ್ನಿಸುತ್ತಿದೆ.

ಸಾಲಿನಲ್ಲಿ ನಿಂತು ಗಟ್ಟಿಯಾಗಿ ಹೇಳಿದೆಯಂತೆ. ಅದನ್ನು ಯೋಚಿಸಿದರೆ ಸಿಟ್ಟು ಪೂರ್ತಿಯಾಗಿ ಉಳಿಯುವುದೂ ಇಲ್ಲ.

ನಾಳೆ ಬೆಳಗ್ಗೆ ಪರೀಕ್ಷೆ. ಗಣಿತದ ಮೇಡಂ ನನಗಾಗಿ ಬಾಗಿಲು ತೆರೆದಿಟ್ಟುಕೊಂಡು ಕೂತಿದ್ದಾರೆ. ನಾಲ್ಕು ಅಧ್ಯಾಯ ಉಳಿದಿದೆ. ಹೋಗುತ್ತೇನೆ.

ಮೊಂಡಿ


ಏಪ್ರಿಲ್ 12

ಅಪ್ಪಾ, ಅಮ್ಮಾ,

ಗಣಿತ ಬರೆದೆ. ಕೊನೆಯ ಪ್ರಶ್ನೆ ಅರ್ಧಕ್ಕೆ ನಿಂತಿತು. ಗಂಟೆ ಹೊಡೆದಾಗ ಪೆನ್ನು ಹಾಳೆಯ ಮೇಲೆಯೇ ಇತ್ತು. ನಡುವೆ ಒಂದು ಕಡೆ ಚಿಹ್ನೆ ತಪ್ಪು ಹಾಕಿದ್ದೇನೆ ಎನ್ನುವ ಅನುಮಾನ ಇದೆ. ಒಂದು ಸಲ ಎಣಿಸಿದರೆ ಎಂಬತ್ತಾರು ಬರುತ್ತದೆ, ಇನ್ನೊಂದು ಸಲ ಎಂಬತ್ತೆರಡು. ಎಣಿಸುವುದನ್ನು ಬಿಟ್ಟಿದ್ದೇನೆ.

ಲಿಖಿತ ಪರೀಕ್ಷೆಯ ಫಲಿತಾಂಶದ ಮೇಲೆಯೇ ಸೀಟು. ನಮಗೆ ಇನ್ನೂ ಪ್ರಾಯೋಗಿಕ ಪರೀಕ್ಷೆಗಳಿವೆ, ಮೇ ಕೊನೆಯ ತನಕ ಇಲ್ಲಿಂದ ಬಿಡುವುದಿಲ್ಲ. ಫಲಿತಾಂಶ ಮೊದಲು ಅಪ್ಪನ ಫೋನಿಗೇ ಬರುತ್ತದೆ. ಏನೇ ಬಂದರೂ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಅಲ್ಲಿಯ ತನಕ ನನಗೆ ಕಾಗದ ಬರೆಯಬೇಡಿ, ಲಕೋಟೆ ಕಂಡರೆ ಎದೆ ಧಸಕ್ಕೆನ್ನುತ್ತದೆ. ಅಮ್ಮಾ, ಅಪ್ಪನೊಂದಿಗೆ ಮಾತಾಡು.

ಮೊಂಡಿ


ಮೇ 17

ಮೊಂಡಿ,

ಸಿಕ್ಕಿದೆ. ದೂರದ ವಿಶ್ವವಿದ್ಯಾಲಯ, ಕಂಪ್ಯೂಟರ್ ವಿಜ್ಞಾನ. ಗಣಿತದಲ್ಲಿ ಎಂಬತ್ತೇಳು. ವಾಣಿಜ್ಯದಲ್ಲಿ ತೊಂಬತ್ತೊಂದು, ಅದು ಯಾರಿಗೂ ಬೇಕಾಗಿರಲಿಲ್ಲ.

ಈಗ ಕೂತುಕೋ, ನೀರು ಕುಡಿ, ಉಳಿದದ್ದನ್ನು ಓದು.

ಅಂಗಡಿಯಲ್ಲಿ ಒಬ್ಬರು ಊಟದ ಮೇಜಿಗೆ ಚೌಕಾಸಿ ಮಾಡುತ್ತಿದ್ದರು. ಕಾಲು ಅಲ್ಲಾಡುತ್ತದೆ ಎಂದು ಅವರು, ಇಲ್ಲ ಎಂದು ನಾನು. ಅಷ್ಟರಲ್ಲಿ ಫೋನ್ ಸದ್ದು ಮಾಡಿತು. ಓದಿದೆ. ಆಮೇಲೆ ಆ ಮೇಜಿನ ಮೇಲೆಯೇ ಎರಡೂ ಕೈ ಊರಿ ನಿಂತುಬಿಟ್ಟೆ. ಕಾಲು ಅಲ್ಲಾಡುತ್ತಿತ್ತು, ಅವರು ಹೇಳಿದ್ದು ನಿಜ. ಯಾರಿಗೋ ಏನೋ ಆಗಿದೆ ಎಂದುಕೊಂಡು ಅವರು ನೀರು ತರಲು ಓಡಿದರು. ನಿಮ್ಮಮ್ಮ ಒಳಗಿನಿಂದ ಸೂಜಿ ಸಮೇತ ಬಂದಳು. ಫೋನನ್ನೇ ಅವಳ ಕೈಗೆ ಕೊಟ್ಟೆ. ಓದಿದವಳು ಅಲ್ಲಿದ್ದ ಸೋಫಾದ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಎದ್ದು, 'ಎರಡು ಅಂಕ ರೀ, ಎರಡೇ ಅಂಕ' ಎಂದು ನನ್ನ ತೋಳಿಗೆ ಗುದ್ದಿದಳು. ನಾನು ಎಷ್ಟು ದೊಡ್ಡದನ್ನು ಪಣಕ್ಕಿಟ್ಟಿದ್ದೆ ಎಂದು ಆಗ ಗೊತ್ತಾಯಿತು. ಅತ್ತೆಗೂ ಸುದ್ದಿ ಹೋಗಿದೆ. ಇಷ್ಟು ಹೊತ್ತಿಗೆ ನೀನು ಸೇರುವ ಊರಿಗೂ ಹೋಗಿರಬೇಕು.

ನೀನು ಮಾರ್ಚಿನಲ್ಲಿ ಒಂದು ಪ್ರಶ್ನೆ ಕೇಳಿದ್ದೆ. ಗೊತ್ತಿಲ್ಲ ಎಂದು ಬರೆದಿದ್ದೆ. ಈಗ ಗೊತ್ತಿದೆ. ನಿನ್ನ ಸೀಟು ಗಟ್ಟಿಯಾದ ಮೇಲೆಯೇ ಬರೆಯಬೇಕೆಂದು ಇಷ್ಟು ದಿನ ತಡೆದಿದ್ದೆ, ಮೊದಲೇ ಬರೆದಿದ್ದರೆ ನಿನ್ನ ಕೈ ಹಿಡಿದು ಎಳೆದಂತಾಗುತ್ತಿತ್ತು.

ನೀನು ಇಲ್ಲೇ ಇರಬೇಕು ಎಂದು ನನಗೆ ಆಸೆ, ಮೊಂಡಿ. ಸಂಜೆ ಅಂಗಡಿಗೆ ಬಂದು ಯಾವುದೋ ಮಾರಾಟದ ಕುರ್ಚಿಯ ಮೇಲೆ ಕಾಲು ಮಡಚಿ ಕೂತು ನನ್ನೊಡನೆ ಜಗಳವಾಡಬೇಕು ಎಂದು ಆಸೆ. ಆಸೆ ಇತ್ತು ಎಂದು ಬರೆದು ಹೊಡೆದುಹಾಕಿದ್ದೇನೆ, ಮೇಲೆ ಗೀಟು ಕಾಣುತ್ತದೆ ನೋಡು. ಈಗಲೂ ಇದೆ. ಇದರಿಂದ ನೀನು ಏನೂ ಮಾಡಬೇಕಾಗಿಲ್ಲ. ನಿನಗೆ ಹೇಳಬೇಕಿತ್ತು, ಹೇಳಿದ್ದೇನೆ.

ಮೂವತ್ತನೇ ತಾರೀಕು ಟೆಂಪೋ ತೆಗೆದುಕೊಂಡು ಹಾಸ್ಟೆಲಿನ ಗೇಟಿಗೆ ಬರುತ್ತೇನೆ. ಪುಸ್ತಕಗಳನ್ನು ಸಣ್ಣ ಸಣ್ಣ ಕಟ್ಟು ಮಾಡಿಡು, ನನ್ನ ಸೊಂಟ ಈಗ ಮೊದಲಿನಂತಿಲ್ಲ.

ಅಪ್ಪ